ಥಂಡಿ ಹವಾಕ್ಕ ಇರ್ತದ, ಮಂದಿಗಲ್ಲ

ಪರದೇಶಕ್ಕ ಹೋಗಿ ಮಕ್ಕಳ ಮನ್ಯಾಗ ಇದ್ದು ಬಂದ ನಮ್ಮ ಮಾವಶಿ, ವೈನಿಗೋಳೆಲ್ಲಾ ಒಂದಽ ಮಾತು ಹೇಳ್ತಾರ: "ಅಲ್ಲೆ ಹವಾನೂ ಥಂಡಿ, ಮಂದೀನೂ ಥಂಡಿ. ಬಾಜೂ ಮನಿಯವ್ರು ಯಾರಂತನೂ ಗೊತ್ತಾಗಂಗಿಲ್ಲ." ಗೊತ್ತಾಗಂಗಿಲ್ಲ ಅನ್ನೋದು ಖರೇ ಇರಬಹುದು. ಆದ್ರ ಮಂದಿ ಥಂಡಿ ಅನ್ನೋದು ನಾ ಒಪ್ಪಂಗಿಲ್ಲರೆವಾ.

ಫಿನ್‌ಲ್ಯಾಂಡ್ ದೇಶಾನ ತಗೋರಿ. ಅದರ ಉತ್ತರದ ತುದಿಯೊಳಗ ಛಳಿಗಾಲದಾಗ ಸುಮಾರು 50 ದಿನ ಸೂರ್ಯ ಹುಟ್ಟಂಗಽ ಇಲ್ಲ. ಅಂಥಲ್ಲೆ ಕಟ್ಟಿ ಮ್ಯಾಲೆ ಕೂತು ಹರಟಿ ಹೊಡೀರಿ ಅಂದ್ರ ಹೆಂಗ? ಅದಕ್ಕ ಅವರು ಸೌನಾ ಕಟ್ಟಿಕೊಂಡಾರ. ಒಂದು ಕಟಗೀ ಖೋಲಿ, ಅದರಾಗ ಕಾಯ್ದ ಕಲ್ಲು. ಕಲ್ಲಿನ ಮ್ಯಾಲೆ ನೀರು ಹಾಕಿದ್ರ ಬಿಸಿ ಹಬಿ. ಹತ್ತರತ್ತರ 55 ಲಕ್ಷ ಮಂದಿ ಇರೋ ದೇಶಕ್ಕ ಸುಮಾರು 30 ಲಕ್ಷ ಸೌನಾ ಅವ! ಶನಿವಾರ ಸಂಜೀಕೆ ಸೌನಾ ಕಾಯ್ಸೋದು ಅವರ ಹಳೇ ರೂಢಿ. ಮನಿಯವ್ರು, ಗೆಳತ್ಯಾರು ಕೂಡೇ ಕೂಡ್ತಾರ. ಈ ಪದ್ಧತಿನ್ನ 2020ರೊಳಗ ಯುನೆಸ್ಕೊದವರು ತಮ್ಮ ಪರಂಪರೆ ಪಟ್ಟಿಗೆ ಸೇರಿಸ್ಯಾರ.

ಜಪಾನಿನವ್ರದು ಇನ್ನೊಂದು ಥರಾ. ಹಳೇ ಪದ್ಧತಿ ಮನಿಗಳೊಳಗ ಇಡೀ ಮನಿ ಬೆಚ್ಚಗ ಮಾಡೋ ರೂಢಿ ಇರಲಿಲ್ಲ. ಒಂದು ಗಿಡ್ಡ ಮೇಜು, ಅದರ ಮ್ಯಾಲೆ ಕೌದಿಯಂಥಾ ದಪ್ಪ ಹೊದಿಕಿ, ಕೆಳಗ ಹೀಟರ್. ಇದಕ್ಕ ಕೊತಾತ್ಸು ಅಂತಾರ. ಕಾಲು ಬೆಚ್ಚಗ ಆಗಬೇಕಂದ್ರ ಮನಿಮಂದೆಲ್ಲಾ ಅದಽ ಕೌದಿಯೊಳಗ ಕಾಲು ತೂರಿಸಬೇಕು. ಮುನಿಸಿಕೊಂಡಾಕೀನೂ ಅಲ್ಲೇ ಬರಬೇಕು! ಮ್ಯಾಲೆ ಬುಟ್ಟಿತುಂಬ ಕಿತ್ತಳಿ ಹಣ್ಣು, ಸುತ್ತ ಮಾತು.

ಈಗ ನಮ್ಮ ಕಡೆ ನೋಡ್ರಿ. ನಮಗ ಛಳಿಗಾಲ ಅಂದ್ರ ಹೊರಗ ಬರೋ ಕಾಲ. ಎಳ್ಳ ಅಮಾಸಿಗೆ ಹೊಲಕ್ಕ ಹೋಗಿ ಚರಗ ಚೆಲ್ಲಿ ಊಟಾ ಮಾಡೋದು, ಸೀತನಿ ತಿನ್ನೋದು, ಸಂಕ್ರಮಣಕ್ಕ ಕುಸುರೆಳ್ಳು ಹಿಡಕೊಂಡು ಮನಿ ಮನಿ ತಿರುಗೋದು, ಮುಂಜಾನೆ ಎಳೇ ಬಿಸಲಿಗೆ ಬೆನ್ನು ಕೊಟ್ಟು ಕಟ್ಟಿ ಮ್ಯಾಲೆ ಕೂಡೋದು. ಇದೆಲ್ಲಾ ನಮಗ ಪುಕ್ಕಟೆ ಸಿಕ್ತು. ಅದಕ್ಕ ನಾವು ಮಂದಿ ಕೂಡೋದು ನಮ್ಮ ಗುಣಾ ಅಂದ್ಕೊಂಡೇವಿ. ಅದು ನಮ್ಮ ಬಿಸಲಿನ ಗುಣಾ.

ಈಗ ಕಟ್ಟಿ ಹೋಗಿ ಕಾಂಪೌಂಡ್ ಬಂತು, ಓಣಿ ಹೋಗಿ ಫ್ಲ್ಯಾಟ್ ಬಂತು. ಬಾಗಲಾ ಹಾಕ್ಕೋಳೋದು ನಾವೂ ಕಲ್ತೇವಿ, ಆದ್ರ ಒಳಗ ಕೂಡೋ ನೆವಾ ಹುಡುಕಲಿಲ್ಲ. ಒಬ್ಬೊಬ್ಬರಽ ಟಿವಿ ಮುಂದ ಕೂತ ಹಿರ್ಯಾರು ನಮ್ಮ ಓಣ್ಯಾಗ ಎಷ್ಟು ಮಂದಿ ಇಲ್ಲ ಹೇಳ್ರಿ?

ಹಂಗಂತ ಮೊದಲನೇ ಛಳಿಗಾಲಕ್ಕ ಪರದೇಶದಾಗ ಕೂಸಿನ ಜೋಡಿ ಒಬ್ಬಾಕೀನ ಕೂತ ನಮ್ಮ ಹುಡುಗ್ಯಾರಿಗೆ ನಾ ಹೇಳೋದು ಇಷ್ಟಽ: ಯಾರರೆ ಬಾಗಲಾ ಬಡೀತಾರಂತ ಕಾಯಬ್ಯಾಡ್ರಿ. ಅಲ್ಲೆ ಹೇಳಿ-ಕರದು ಬರೋದಽ ಪದ್ಧತಿ. ವಾರ, ಟೈಮ್ ಹೇಳಿ ಬಾಜೂದಾಕೀನ ಚಹಾಕ್ಕ ಕರೀರಿ. ಇಲ್ಲಿದ್ದ ನಾವೂ ಹಂಗಽ ಒಂದು ವಾರಾ ಗೊತ್ತು ಮಾಡೋಣು. ಶನಿವಾರ ಮುಂಜಾನೆ ಹತ್ತಕ್ಕ, ಮಾಳಿಗಿ ಮ್ಯಾಲೆ, ಬಿಸಲಾಗ. ಚುರುಮುರಿ ಒಬ್ಬರು ತರ್ರಿ, ಚಹಾ ಒಬ್ಬರು. ಹಿರ್ಯಾರನ್ನ ಕೈ ಹಿಡದು ಮ್ಯಾಲೆ ಕರಕೊಂಡು ಬರೋದು ಮಾತ್ರ ಎಲ್ಲಾರ ಕೆಲಸ.