ಹಾಡಿನ ಧಾಟಿಯೂ ಉಳಿಯಬೇಕು

ಹನ್ನೆರಡನೆಯ ಶತಮಾನವೆಂದೊಡನೆ ನಮಗೆ ಕಲ್ಯಾಣದ ಶರಣರು ನೆನಪಾಗುವುದು ಸಹಜ. ಅದೇ ಕಾಲದಲ್ಲಿ ದಕ್ಷಿಣ ಫ್ರಾನ್ಸಿನ ಟ್ರೂಬದೂರರೆಂಬ ಕವಿಗಾಯಕರು ಪಂಡಿತರ ಲ್ಯಾಟಿನ್ನನ್ನು ಬದಿಗಿರಿಸಿ, ತಮ್ಮ ನಾಡಿನ ಆಕ್ಸಿಟನ್ ನುಡಿಯಲ್ಲಿ ಪ್ರೇಮ, ವಿರಹ, ವಿಡಂಬನೆಗಳ ಹಾಡು ಕಟ್ಟುತ್ತಿದ್ದರು. ವಸ್ತುವಿನಲ್ಲಿ ಇವರಿಗೂ ಶರಣರಿಗೂ ಹೋಲಿಕೆಯಿಲ್ಲ. ದೇಶಭಾಷೆಯ ಮೇಲಿನ ಭರವಸೆಯೊಂದೇ ಸಮಾನ. ಉತ್ತರ ಫ್ರಾನ್ಸಿನ ಟ್ರೂವೇರರಿಗೂ ಜರ್ಮನಿಯ ಮಿನ್ನೆಸಿಂಗರರಿಗೂ ಅವರು ಮಾದರಿಯಾದರು. ಇಗರ್ಜಿಯ ಹೊರಗಿನ ಗಾನಕ್ಕೂ ಘನತೆಯುಂಟೆಂಬುದನ್ನು ಯುರೋಪು ಬಹುಮಟ್ಟಿಗೆ ಅವರಿಂದ ಕಲಿಯಿತು.

ಆದರೆ ಅವರ ಸುಮಾರು 2,500 ಪದ್ಯಗಳು ಇಂದು ದೊರೆಯುತ್ತವಾದರೂ, ಧಾಟಿ ಉಳಿದಿರುವುದು ಹತ್ತರಲ್ಲೊಂದು ಪಾಲಿಗೆ ಮಾತ್ರ. 1209ರಲ್ಲಿ ತೊಡಗಿದ ಆಲ್ಬಿ ಧರ್ಮಯುದ್ಧದಿಂದ ಆಸ್ಥಾನಗಳು ಕುಗ್ಗಿದವು. ಪೋಷಕರೊಡನೆ ಪರಂಪರೆಯೂ ಕ್ಷೀಣಿಸಿತು. ವಚನಗಳ ಕಥೆಯೂ ತುಸು ಹೀಗೆಯೇ. ಓಲೆಗರಿ ಅಕ್ಕನ ನುಡಿಯನ್ನು ಕಾಪಾಡಿತು, ಅವಳ ಕಾಲದ ಧಾಟಿಯನ್ನು ಕಾಪಾಡಲಿಲ್ಲ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅವರಿಂದ ನಾವು ಕೇಳಿದ ವಚನಗಾಯನ ಇಪ್ಪತ್ತನೆಯ ಶತಮಾನದ ಹಿಂದೂಸ್ತಾನಿ ಸಂಗೀತದ ಕೊಡುಗೆ.

ಈಗ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯನ್ನು ನೋಡೋಣ. ನವರಾತ್ರಿಯಲ್ಲಿ ಭಾಗವತರು, ಮದ್ದಲೆಗಾರರು ಹಾಗೂ ಕೆಲವು ಬಾಲಕರು ಹೂವಿನಕೋಲು ಹಿಡಿದು ಮನೆಮನೆಗೆ ಬರುವ ರೂಢಿ ಇಲ್ಲಿತ್ತು. ಮನೆಯವರಿಗೆ ಶುಭ ಹಾರೈಸಿ, ಯಕ್ಷಗಾನ ಪ್ರಸಂಗದ ಒಂದು ಭಾಗವನ್ನು ಬಣ್ಣ ವೇಷಗಳಿಲ್ಲದೆ ಹಾಡಿ, ಅರ್ಥ ಹೇಳಿ, ಕಾಣಿಕೆ ಪಡೆದು ಹೋಗುತ್ತಿದ್ದರು. ಊರಿನ ಮಕ್ಕಳಿಗೆ ತಾಳವೂ ಶುದ್ಧ ಕನ್ನಡವೂ ಒಟ್ಟಿಗೆ ದೊರೆತ ಪಾಠಶಾಲೆ ಅದು. ಇಂದು ಅದು ವಿರಳವಾಗಿದೆ. ಕೆಲವು ಸಂಘಗಳ ಶ್ರದ್ಧೆಯಿಂದಷ್ಟೇ ಉಸಿರಾಡುತ್ತಿದೆ.

ಪ್ರಸಂಗದ ಪುಸ್ತಕವಿದೆಯಲ್ಲ ಎನ್ನಬಹುದು. ಅದರಲ್ಲಿ ಪದ್ಯದ ಮೇಲೆ ರಾಗತಾಳಗಳ ಹೆಸರಿರುತ್ತದೆ, ಹಾಡುವ ಬಗೆ ಇರುವುದಿಲ್ಲ. ಧ್ವನಿಮುದ್ರಣವಿದೆಯಲ್ಲ ಎಂದರೆ, ಅದು ಒಬ್ಬ ಭಾಗವತರ ಒಂದು ರಾತ್ರಿಯನ್ನು ಉಳಿಸೀತು. ಹೊಸ ಪದ್ಯವನ್ನು ಹಾಡಲು ಕಲಿಸಲಾರದು. ಬಡಗುತಿಟ್ಟಿನ ಧಾಟಿ ಗುರುವಿನ ಕಂಠದಿಂದ ಶಿಷ್ಯನ ಕಿವಿಗೆ ಬರಬೇಕಾದದ್ದು. ಗುಂಡ್ಮಿ ಕಾಳಿಂಗ ನಾವಡರು (1958–1990) ಭಾಗವತಿಕೆಗೆ ಹೊಸ ರಾಗಗಳನ್ನು ತಂದರು. ಅದಕ್ಕೆ ಮುನ್ನ ನಾರ್ಣಪ್ಪ ಉಪ್ಪೂರರ ಬಳಿ ಕುಳಿತು ಹಳೆಯದನ್ನು ಕಲಿತಿದ್ದರು.

ಆದುದರಿಂದ ಈ ಹೊಣೆಯನ್ನು ಶಾಲೆಗಳು ಹೊರಬೇಕೆಂಬುದು ನನ್ನ ಅಭಿಪ್ರಾಯ. ಸಾಲಿಗ್ರಾಮದ ಮಕ್ಕಳ ಮೇಳ 1975ರಲ್ಲಿಯೇ ಮಕ್ಕಳ ಸಾಮರ್ಥ್ಯವನ್ನು ತೋರಿಸಿಕೊಟ್ಟಿದೆ. ರಾಜಗುರುಗಳಂಥವರು ರೂಪುಗೊಂಡದ್ದು ಪಂಚಾಕ್ಷರ ಗವಾಯಿಗಳು ಅನ್ನ, ಆಶ್ರಯಗಳೊಡನೆ ವಿದ್ಯೆಯನ್ನೂ ಕೊಟ್ಟದ್ದರಿಂದ ಎಂಬುದನ್ನು ಮಠಗಳ ವಿದ್ಯಾಸಂಸ್ಥೆಗಳಿಗೆ ಬೇರೆ ಹೇಳಬೇಕಾಗಿಲ್ಲ. ವಾರಕ್ಕೊಂದು ಅವಧಿ, ಅನುಭವಿ ಭಾಗವತರೊಬ್ಬರಿಗೆ ಗೌರವಯುತ ಸಂಭಾವನೆ, ದಸರಾ ರಜೆಯಲ್ಲಿ ಬಾಲಕ ಬಾಲಕಿಯರ ಹೂವಿನಕೋಲು: ಇಷ್ಟು ಸಾಕು. ಪರೀಕ್ಷೆಗೆ ಇದರಿಂದ ಹಾನಿಯಿಲ್ಲ. ಪದ್ಯವನ್ನು ಕಂಠಸ್ಥ ಮಾಡಿ ಅರ್ಥ ಹೇಳಬಲ್ಲ ಮಗು ಕನ್ನಡದ ಪಾಠಕ್ಕೆ ಅಂಜುವುದಿಲ್ಲ.

ದಾನಿಗಳು ಕಟ್ಟಿಸಿದ ಕೊಠಡಿಗಳಿಗೆ ನಾವೆಲ್ಲ ಋಣಿಗಳು. ಇನ್ನು ಮುಂದೆ ಒಬ್ಬ ಗುರುವಿನ ಸಂಭಾವನೆಗೂ ದತ್ತಿಯನ್ನಿಡುವ ಮನಸ್ಸು ಅವರಿಗೆ ಬರಲಿ. ಬರೆದಿಟ್ಟ ಹಾಡು ನೂರಾರು ವರ್ಷ ಕಾದೀತು, ಹಾಡುವ ಕಂಠ ಕಾಯುವುದಿಲ್ಲ.