ಜೋಡಿಯಾಟದ ಘನತೆ

ಹರಿಹರದ ಹೊಯ್ಸಳರ ಕಾಲದ ದೇವಾಲಯದಲ್ಲಿ ಹರಿಯೂ ಹರನೂ ಒಂದೇ ವಿಗ್ರಹವಾಗಿ ನಿಂತಿದ್ದಾರೆ. ಯಾವ ಅರ್ಧ ಹಿರಿದೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಟೆನಿಸ್ ಕ್ರೀಡೆಯಲ್ಲಾದರೋ ಡಬಲ್ಸ್ ಆಟವನ್ನು ಸಿಂಗಲ್ಸಿಗಿಂತ ಕೀಳೆಂದೆಣಿಸುವ ರೂಢಿಯುಂಟು. ಇದು ಸಲ್ಲದೆಂಬುದಕ್ಕೆ ಕೊಡಗಿನ ರೋಹನ್ ಬೋಪಣ್ಣನವರ ಕ್ರೀಡಾಜೀವನವೇ ಸಾಕ್ಷಿ.

2010ರಲ್ಲಿ ಅವರು ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಶಿಯವರೊಡಗೂಡಿ ಅಮೆರಿಕನ್ ಓಪನ್ ಪಂದ್ಯಾವಳಿಯ ಅಂತಿಮ ಘಟ್ಟವನ್ನು ಮುಟ್ಟಿ ಸೋತರು. 2017ರಲ್ಲಿ ಕೆನಡಾದ ಆಟಗಾರ್ತಿಯೊಡನೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿ ಲಭಿಸಿತು. ಪುರುಷರ ಡಬಲ್ಸ್ ಕಿರೀಟ ಒಲಿದದ್ದು 2024ರ ಜನವರಿಯಲ್ಲಿ, ಮೆಲ್ಬರ್ನ್ ನಗರದಲ್ಲಿ, ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡನ್ನರ ಜೊತೆಯಲ್ಲಿ. ಆಗ ಅವರ ವಯಸ್ಸು 43! ವಿಶ್ವದ ಅಗ್ರಸ್ಥಾನವೂ ಆಗಲೇ ದಕ್ಕಿತು. ಮೊಣಕಾಲಿನ ಮೃದ್ವಸ್ಥಿ ಸವೆದಿದ್ದರೂ ಯೋಗಾಭ್ಯಾಸದ ಬಲದಿಂದ ದೇಹವನ್ನು ಅಣಿಗೊಳಿಸಿಕೊಂಡು ಆಡಿದವರು, 2025ರ ನವೆಂಬರಿನಲ್ಲಿ ನಿವೃತ್ತರಾದರು. ಗೆಲವಿನ ಅರ್ಧ ಕೀರ್ತಿಯನ್ನು ಜೊತೆಗಾರನಿಗೆ ಬಿಟ್ಟುಕೊಡುವುದೇ ಈ ಕಾಯಕದ ನಿಯಮ. ಅದಕ್ಕೆ ಒಗ್ಗುವುದು ಸುಲಭವಲ್ಲ.

ದಾವಣಗೆರೆ, ಹರಿಹರಗಳ ಶಾಲೆಗಳು ಶಟಲ್, ಟೇಬಲ್ ಟೆನಿಸ್ ಪಂದ್ಯಗಳಲ್ಲಿ ಜೋಡಿಯಾಟಕ್ಕೂ ಸಮನಾದ ಗೌರವ ನೀಡಬೇಕು. ಹದಿನೈದರ ಪ್ರಾಯದಲ್ಲಿ ಸೋತ ಬಾಲಕನ ಹೆಸರನ್ನು ತಂಡದ ಪಟ್ಟಿಯಿಂದ ಅಳಿಸಕೂಡದು. ಪಾರಿತೋಷಕಗಳೆರಡೂ ಒಂದೇ ಅಳತೆಯವಾಗಿರಲಿ.