ಕೊಳ್ಳೇಗಾಲದ ಹೆಸರು, ಎಚ್ಚೆನ್ ಅವರ ಲೆಕ್ಕ

ಕನ್ನಡನಾಡಿನ ಯಾವ ಮೂಲೆಯಲ್ಲಿ ಕೊಳ್ಳೇಗಾಲದ ಹೆಸರೆತ್ತಿದರೂ ಕೇಳಿದವರ ಮನಸ್ಸಿಗೆ ಮೊದಲು ಬರುವುದು ಮಾಟ-ಮಂತ್ರ ಎಂಬ ಜೋಡುಪದ. ರೇಷ್ಮೆ ಮಗ್ಗ, ಭರಚುಕ್ಕಿ, ಚಿಕ್ಕಲ್ಲೂರಿನ ಜಾತ್ರೆ, ನೀಲಗಾರರ ತಂಬೂರಿ ಇವೆಲ್ಲ ಆಮೇಲಿನವು. ಸಂಚಿ ಹೊನ್ನಮ್ಮನ ಯಳಂದೂರು, ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಬೆಟ್ಟವಿರುವ ಹನೂರು, 1956ರವರೆಗೆ ಮದ್ರಾಸಿನ ಆಡಳಿತದಲ್ಲಿ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ, ಇಷ್ಟು ಶ್ರೀಮಂತವಾದ ಸೀಮೆಯೊಂದು ದೂರದ ಊರುಗಳ ಬಸ್ ನಿಲ್ದಾಣಗಳಲ್ಲಿ ವಶೀಕರಣ, ಶತ್ರುನಾಶ, ಗಂಡಹೆಂಡಿರ ಕಲಹಕ್ಕೆ ಪರಿಹಾರ ಎಂಬ ಚೀಟಿಗಳ ಮೇಲಿನ ವಿಳಾಸವಾಗಿ ಉಳಿದಿರುವುದು ಆ ನೆಲಕ್ಕೆ ಆಗಿರುವ ಅನ್ಯಾಯ. ಈ ಅನ್ಯಾಯವನ್ನು ಯೋಚಿಸುವಾಗ, ಆ ಸೀಮೆಯವರಲ್ಲದಿದ್ದರೂ ಅದಕ್ಕೆ ಬಹಳ ಬೇಕಾದವರೊಬ್ಬರ ನೆನಪು ತಪ್ಪದೆ ಬರುತ್ತದೆ. ಅವರು ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯ, ನಾಡಿನ ಬಾಯಲ್ಲಿ ಎಚ್ಚೆನ್.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಕುಟುಂಬದಲ್ಲಿ 1920ರಲ್ಲಿ ಹುಟ್ಟಿದ ಅವರು 1935ರಲ್ಲಿ ಓದಿನ ಆಸೆಯಿಂದ ಬೆಂಗಳೂರಿಗೆ ನಡೆದೇ ಬಂದವರು. ನ್ಯಾಷನಲ್ ಹೈಸ್ಕೂಲಿನಲ್ಲಿ ಕಲಿತು, ಸೆಂಟ್ರಲ್ ಕಾಲೇಜಿನಲ್ಲಿದ್ದಾಗ 1942ರ ಚಳವಳಿಗೆ ಧುಮುಕಿ ಸೆರೆಮನೆ ಕಂಡು, 1946ರಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕರಾದರು. ಅಮೆರಿಕದ ಒಹಾಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಪರಮಾಣು ಬೀಜದ ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಮರಳಿದ ಮೇಲೂ ಖಾದಿ ಉಡುಪು, ಗಾಂಧಿ ಟೋಪಿ, ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆ ಇವಿಷ್ಟರಲ್ಲೇ ಅವರ ಸಂಸಾರವಿಲ್ಲದ ಬದುಕು 2005ರ ಜನವರಿಯವರೆಗೆ ಸಾಗಿತು. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಿಜ್ಞಾನವನ್ನು ಪ್ರಯೋಗಾಲಯದ ಹೊಸಿಲು ದಾಟಿಸಿ ಸಾಮಾನ್ಯ ಕೇಳುಗರ ಬೆಂಚಿನವರೆಗೆ ತಂದಿತು.

ಅವರ ವೈಚಾರಿಕತೆಯನ್ನು ದೇವರ ಮೇಲಿನ ಮುನಿಸೆಂದು ತಿಳಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅದರ ಬೇರು ಇರುವುದು ಅವರು ಕಲಿತ ಶಾಸ್ತ್ರದ ಕೆಲಸದಲ್ಲಿ. ವಿಕಿರಣವನ್ನು ಅಳೆಯುವ ಎಣಿಕೆಯಂತ್ರದ ಮುಂದೆ ಯಾವ ವಸ್ತುವನ್ನೂ ಇಡದಿದ್ದರೂ ಅದು ಟಿಕ್ ಟಿಕ್ ಎನ್ನುತ್ತಲೇ ಇರುತ್ತದೆ. ಆಕಾಶದಿಂದ ಸದಾ ಬಂದೆರಗುವ ವಿಶ್ವಕಿರಣಗಳು, ಗೋಡೆಯ ಕಲ್ಲುಮಣ್ಣಿನಲ್ಲಿ ಸಹಜವಾಗಿಯೇ ಇರುವ ವಿಕಿರಣಶೀಲ ಧಾತುಗಳು ಅದನ್ನು ಮಿಡಿಸುತ್ತವೆ. ಇದಕ್ಕೆ ಹಿನ್ನೆಲೆ ಎಣಿಕೆ ಎಂದು ಹೆಸರು. ಪರೀಕ್ಷಿಸಬೇಕಾದ ವಸ್ತುವನ್ನು ಇಟ್ಟಾಗ ಬಂದ ಸಂಖ್ಯೆಯಿಂದ, ಏನೂ ಇಡದಿದ್ದಾಗಲೂ ಬರುತ್ತಿದ್ದ ಈ ಸಂಖ್ಯೆಯನ್ನು ಕಳೆದ ಮೇಲೆ ಉಳಿಯುವುದು ಮಾತ್ರ ಆ ವಸ್ತುವಿನದು. ಈ ಕಳೆಯುವ ಲೆಕ್ಕವನ್ನು ಬಿಟ್ಟವನಿಗೆ ಹಾದಿಯ ಕಲ್ಲೂ ಯುರೇನಿಯಂ ಆಗಿ ಕಂಡೀತು.

ಈ ಲೆಕ್ಕವನ್ನು ಕೊಳ್ಳೇಗಾಲವಿರುವ ಚಾಮರಾಜನಗರ ಜಿಲ್ಲೆಯ ಮೇಲೆ ಹೊರಿಸಿದ ಅಪವಾದಕ್ಕೆ ಅನ್ವಯಿಸಿ ನೋಡಬಹುದು. ಜಿಲ್ಲಾ ಕೇಂದ್ರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ ಎಷ್ಟು ಬಲವಾಗಿತ್ತೆಂದರೆ, 1997ರಲ್ಲಿ ಹೊಸ ಜಿಲ್ಲೆ ರಚನೆಯಾದಾಗ ಉದ್ಘಾಟನೆ ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಹೋಗಿಬಂದು ಕುರ್ಚಿ ಬಿಟ್ಟವರ ಪಟ್ಟಿಯನ್ನು ಜನ ಬೆರಳು ಮಡಿಸಿ ಎಣಿಸುತ್ತಿದ್ದರು. ಹೋಗದೆಯೂ ಕುರ್ಚಿ ಬಿಟ್ಟವರನ್ನು ಎಣಿಸಿದವರು ವಿರಳ. ಕರ್ನಾಟಕದಲ್ಲಿ ಐದು ವರ್ಷದ ಅವಧಿಯನ್ನು ಪೂರ್ತಿ ಮುಗಿಸಿದ ಮುಖ್ಯಮಂತ್ರಿಗಳೇ ಬೆರಳೆಣಿಕೆಯಷ್ಟಿರುವಾಗ, ಯಾವ ಊರಿಗೆ ಹೋದರೂ ಹೋಗದಿದ್ದರೂ ಕುರ್ಚಿ ಅಲುಗುವುದೇ ಇಲ್ಲಿನ ಹಿನ್ನೆಲೆ ಎಣಿಕೆ. 2013ರಲ್ಲಿ ಮುಖ್ಯಮಂತ್ರಿಯಾಗಿ ಅಲ್ಲಿಗೆ ಹೋದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಭೇಟಿ ಕೊಟ್ಟೂ 2018ರವರೆಗೆ ಅವಧಿ ಪೂರೈಸಿದರು. ಹೋದವರೆಲ್ಲ ಕುರ್ಚಿ ಬಿಡಲೇಬೇಕೆಂಬ ಮಾತು ಸುಳ್ಳಾಗಲು ಆ ಒಂದು ಉದಾಹರಣೆ ಸಾಕು. ಹಾಗೆಂದು ಆ ಊರು ಅಧಿಕಾರ ಉಳಿಸಿಕೊಡುತ್ತದೆಂದು ತೀರ್ಮಾನಿಸಿದರೆ ಅದೂ ಮೂಢನಂಬಿಕೆಯೇ. ಈ ಅಂಜಿಕೆಯಿಂದ ನಿಜವಾಗಿ ನಷ್ಟವಾದದ್ದು, ರಾಜ್ಯದ ಮುಖ್ಯಸ್ಥರ ಮುಂದೆ ನಿಂತು ತಮ್ಮ ಕಷ್ಟ ಹೇಳಿಕೊಳ್ಳುವ ಅವಕಾಶ ವರ್ಷಗಟ್ಟಲೆ ಕೈತಪ್ಪಿದ ಆ ಗಡಿನಾಡಿನ ಜನರಿಗೆ.

ಮಾಟದ ವ್ಯಾಪಾರ ನಡೆಯುವುದೂ ಇದೇ ತಪ್ಪು ಲೆಕ್ಕದ ಮೇಲೆ. ಜ್ವರ ಹೆಚ್ಚಿನ ಸಲ ತಾನಾಗಿ ಇಳಿಯುತ್ತದೆ, ಮುನಿದು ಹೋದ ಮಗ ಹಲವು ಸಲ ತಾನಾಗಿ ಮನೆಗೆ ಮರಳುತ್ತಾನೆ. ಅದಕ್ಕೆ ಮುಂಚೆ ತಾಯತ ಕಟ್ಟಿಸಿಕೊಂಡಿದ್ದರೆ ಕೀರ್ತಿ ತಾಯತಕ್ಕೆ ಸೇರುತ್ತದೆ. ಫಲ ಕಾಣದವರು ಹಣ ಹೋದ ನಾಚಿಕೆಗೆ ಬಾಯಿ ಮುಚ್ಚಿಕೊಳ್ಳುವುದರಿಂದ ಸೋಲುಗಳು ಲೆಕ್ಕಕ್ಕೇ ಬರುವುದಿಲ್ಲ.

ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್ಚೆನ್ 1976ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಒಳಪಡಬಲ್ಲ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯನ್ನು ರಚಿಸಿದರು. ಪರೀಕ್ಷೆಗೆ ಒಳಪಡಬಲ್ಲ ಎಂಬ ವಿಶೇಷಣದಲ್ಲಿ ಭೌತವಿಜ್ಞಾನಿಯ ವಿವೇಕವೆಲ್ಲ ಅಡಗಿದೆ: ದೇವರು ಇದ್ದಾನೋ ಇಲ್ಲವೋ ಎಂಬುದು ಸಮಿತಿಯ ಪ್ರಶ್ನೆಯಾಗಿರಲಿಲ್ಲ, ಬರಿಗೈಯಿಂದ ವಿಭೂತಿ ಬಂತೇ ಎಂಬುದು ಪ್ರಶ್ನೆಯಾಗಿತ್ತು. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಹುಡುಗನನ್ನು ಸಮಿತಿ ನೋಡಿದಾಗ ವಿಭೂತಿ ಅವನ ಉಡುಪಿನೊಳಗೇ ಇತ್ತು. ಪವಾಡಗಳನ್ನು ಪರೀಕ್ಷೆಗೆ ಒಡ್ಡಲು ಕೋರಿ ಸತ್ಯಸಾಯಿ ಬಾಬಾ ಅವರಿಗೆ ಎಚ್ಚೆನ್ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ವೈಜ್ಞಾನಿಕ ಮನೋಭಾವವನ್ನು, ಅಂದರೆ ಯಾವುದನ್ನೂ ಪುರಾವೆ ಕೇಳಿ ಒಪ್ಪುವ ಸ್ವಭಾವವನ್ನು, ಪ್ರತಿ ನಾಗರಿಕನ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿಸಿದ 42ನೆಯ ತಿದ್ದುಪಡಿಯೂ ಅದೇ 1976ರದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಹದೇಶ್ವರ ಕಾವ್ಯವೂ ಪವಾಡಗಳಿಂದ ತುಂಬಿದೆ. ಗಂಡ ನೀಲೇಗೌಡನ ಸಂಶಯಕ್ಕೆ ಗುರಿಯಾಗಿ, ಶೀಲದ ಆಣೆಯಾಗಿ ಬಲಗೈ ಭಾಷೆ ಕೊಡಲೊಪ್ಪದೆ ನರಳಿದ ಸಂಕಮ್ಮನ ಕೈಹಿಡಿದು ಮಾದಪ್ಪ ಅವಳಿಗೆ ಇಬ್ಬರು ಮಕ್ಕಳನ್ನು ಕರುಣಿಸುವ ಕಥೆಯನ್ನು ರಾತ್ರಿಯಿಡೀ ಕೂತು ಕೇಳುವ ಹೆಂಗಸರಿಗೆ ಅದು ಪ್ರಯೋಗಾಲಯದ ವರದಿಯಲ್ಲ, ತಮ್ಮ ನೋವಿಗೆ ಸಿಕ್ಕ ಮಾತು. ಆ ಪವಾಡ ಯಾರ ಜೇಬಿಗೂ ಕೈಹಾಕುವುದಿಲ್ಲ. ಹಣ ಪಡೆದು ಫಲದ ಭರವಸೆ ಕೊಡುವ ಪವಾಡಕ್ಕೆ ಮಾತ್ರ ಪರೀಕ್ಷೆ ಬೇಕು. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಕಾವ್ಯವನ್ನೂ ಹಳಿಯುವ ವೈಚಾರಿಕತೆ ಈ ಸೀಮೆಯ ಜನರ ಮನಸ್ಸನ್ನು ಮುಟ್ಟಲಾರದು. ವಾಮಾಚಾರ ಮತ್ತು ಅಮಾನವೀಯ ಪದ್ಧತಿಗಳನ್ನು ತಡೆಯಲು 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ರಾಜ್ಯದ ಕಾಯ್ದೆ ಕ್ರೌರ್ಯವನ್ನು ಶಿಕ್ಷಿಸಬಲ್ಲದು, ಲೆಕ್ಕ ಕಲಿಸಲಾರದು.

ಲೆಕ್ಕ ಕಲಿಸಲು ಕೊಳ್ಳೇಗಾಲ, ಹನೂರು, ಯಳಂದೂರಿನ ಕಾಲೇಜುಗಳಲ್ಲಿ ಸೈನ್ಸ್ ಫೋರಂ ಮಾದರಿಯ ಕನ್ನಡ ಉಪನ್ಯಾಸಗಳು ನಡೆಯಬೇಕು. ಮೊದಲ ವಿಷಯಕ್ಕೆ ದೂರ ಹೋಗಬೇಕಾಗಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನೂಲು ಬಿಚ್ಚುವ ರೀಲರು ಗೂಡನ್ನು ಬೆರಳಿನಿಂದ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ ಒಳಗಿನ ಕೋಶದ ಸದ್ದು ಕೇಳದೆ ಬೆಲೆ ಕಟ್ಟುವುದಿಲ್ಲ. ಅದೇ ರೇಷ್ಮೆಯ ಹುಳು ಮನೆಯಲ್ಲಿ ನಾಲ್ಕನೆಯ ಜ್ವರ (ಪೊರೆ ಬಿಡುವ ಹಂತ) ದಾಟಿ ಸೊಪ್ಪು ಬಿಟ್ಟು ಸಾಯತೊಡಗಿದಾಗ ದೃಷ್ಟಿಯಾಯಿತೆನ್ನುವವರು ಇದ್ದಾರೆ. ಹುಳುವನ್ನು ಹೀಗೆ ಕೊಲ್ಲುವ ಕಾಯಿಲೆಗಳಲ್ಲೊಂದಾದ ಗಂಟುರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1860ರ ದಶಕದಲ್ಲಿ ತೋರಿಸಿಕೊಟ್ಟದ್ದರಿಂದ, ರೇಷ್ಮೆಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೊಳೆಯುವ ಅಂಡಾಕಾರದ ಕಣಗಳು ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುತ್ತಾರೆ.